ಕೂಗುವ ಹೆಸರು

ಸನವಳ್ಳಿ, ತಾ. ಮುಂಡಗೋಡ
೪ ನವೆಂಬರ್ ೨೦೨೪

ಕಿರಣಕುಮಾರ ಅವರಿಗೆ,

ಹಳಿಯಾಳದ ರಸ್ತೆಯ ಹೊಸ ಊರಬೋರ್ಡುಗಳ ಕೆಳಮೂಲೆಯಲ್ಲಿ ‘ಕಿರಣ ಆರ್ಟ್ಸ್’ ಎಂದು ಸಣ್ಣಗೆ ಬರೆದಿರುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ‘ಕಿ’ಯ ಗುಡಿಸನ್ನು ಅಷ್ಟು ಡೌಲಿನಿಂದ ಎಳೆಯುವವರು ನಮ್ಮ ಬಿ.ಎ. ತರಗತಿಯಲ್ಲಿ ಒಬ್ಬರೇ ಇದ್ದರು. ನಾನು ಇಜಾಬೆಲ್. ಎರಡನೇ ವರ್ಷಕ್ಕೆ ಓದು ಬಿಟ್ಟು ನರ್ಸಿಂಗ್ ಸೇರಿದವಳು. ಈಗ ಮುಂಡಗೋಡದ ಒಂದು ಆಸ್ಪತ್ರೆಯಲ್ಲಿದ್ದೇನೆ.

ಒಂದು ಕೆಲಸವಿತ್ತು. ನನ್ನ ತವರು ದಾಂಡೇಲಿ ದಾಟಿ ಜೋಯಿಡಾ ಕಡೆಯ ಕಾಡಿನಲ್ಲಿದೆ, ಡಾಂಬರು ಮುಗಿದ ಮೇಲೂ ಒಂದಿಷ್ಟು ದೂರ. ಹತ್ತಿಪ್ಪತ್ತು ಮನೆ, ಎಲ್ಲರೂ ನಮ್ಮ ಸಿದ್ದಿ ಜನ. ಹಳಿಯಾಳದ ರೈತರು ಅದನ್ನು ಕಡೇಮನಿ ಎನ್ನುತ್ತಾರೆ. ಮರಾಠಿಯವರಿಗೆ ಅದು ಶೇವಟವಾಡಾ. ದಾಂಡೇಲಿಯ ಉರ್ದು ಮಾತಾಡುವ ಲಾರಿಯವರು ಆಖ್ರೀ ಬಸ್ತಿ ಎನ್ನುತ್ತಾರೆ. ಅರಣ್ಯದವರ ನಕ್ಷೆಯಲ್ಲಿ ಎಂಡ್ ಪಾಯಿಂಟ್. ನಾಲ್ಕಕ್ಕೂ ಅರ್ಥ ಒಂದೇ, ಕೊನೆ. ಆದರೆ ಒಬ್ಬರು ಇಟ್ಟ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ನನ್ನ ತಮ್ಮ ಸಂತಾನನ ಹೆಂಡತಿ ರೋಜಿನಳಿಗೆ ಹೆರಿಗೆ ನೋವು ಬಂತು. ಸಂತಾನ ಗುಡ್ಡ ಹತ್ತಿ ಫೋನ್ ಹಿಡಿದು ಆಂಬುಲೆನ್ಸಿನವರಿಗೆ ಕಡೇಮನಿ ಎಂದು ಹೇಳಿದ. ಗಾಡಿಯವನು ದಾರಿಯಲ್ಲಿ ಮರಾಠಿ ಅಂಗಡಿಯವರನ್ನು ಕೇಳಿದ, ಅಂಥ ಊರೇ ಇಲ್ಲ ಎಂದರು. ಅವನು ತಿರುಗಿಸಿಕೊಂಡು ಹಳಿಯಾಳದ ಕಡೆ ಇದ್ದ ಇನ್ನೊಂದು ಕಡೇಮನಿಗೆ ಹೋದ. ರೋಜಿನ ಉಳಿದಳು. ಕೂಸು ಉಳಿಯಲಿಲ್ಲ. ಹೆಸರೇನಾದರೂ ಇಟ್ಟಿದ್ದಿರೋ ಎಂದು ನಾನು ಆಮೇಲೆ ಕೇಳಿದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ಹೇಳಲಿಲ್ಲ.

ರೋಜಿನ ಮತ್ತೆ ಬಸುರಿ. ಬರುವ ಮೇ ತಿಂಗಳಿಗೆ ದಿನ ತುಂಬುತ್ತದೆ. ಅಷ್ಟರಲ್ಲಿ ಕೂಡುರಸ್ತೆಗೆ ಒಂದು ಬೋರ್ಡು ಬೇಕು. ನಾಲ್ಕರಲ್ಲಿ ಯಾವ ಹೆಸರಾದರೂ ಸರಿ.

ನಿಮ್ಮ ಫೋನ್ ನಂಬರು ಬೋರ್ಡಿನ ಮೇಲೇ ಇದೆ. ಆದರೂ ಕಾಗದ ಬರೆದೆ. ಫೋನಿನಲ್ಲಿ ನೀವು ಎರಡನೇ ಮಾತಿಗೇ ಪ್ರಾಸ ಹಾಕುತ್ತೀರಿ ಎಂಬ ಹೆದರಿಕೆ. ಆ ಚಟ ಹೋಗಿದೆಯೇ?

ಹಾಜರಿಯಲ್ಲಿ ನಿಮಗಿಂತ ಮೊದಲು ಕೂಗುತ್ತಿದ್ದ ಹೆಸರು,
ಇಜಾಬೆಲ್


ಹಳಿಯಾಳ
೧೬ ನವೆಂಬರ್ ೨೦೨೪

ಇಜಾಬೆಲ್ ಅವರಿಗೆ,

ಬೀಡಿ ಬಿಟ್ಟೆ, ಮದುವೆಯ ಆಸೆ ಬಿಟ್ಟೆ, ಕವನ ಸಂಕಲನದ ಆಸೆಯನ್ನೂ ಬಿಟ್ಟೆ. ಪ್ರಾಸ ಮಾತ್ರ ಬಿಟ್ಟಿಲ್ಲ, ಅದೇ ನನ್ನನ್ನು ಸಾಕುತ್ತಿದೆ. ‘ಬಸವೇಶ್ವರ ಟೈರ್ಸ್, ಪಂಕ್ಚರಿಗೆ ಪೂರ್ಣವಿರಾಮ, ಪಯಣಿಗರಿಗೆ ಆರಾಮ’ ಎಂಬ ಗೋಡೆಬರಹ ಕಂಡಿದ್ದರೆ ಅದರ ಕವಿ ನಾನೇ. ಕನ್ನಡ ಮಾಧ್ಯಮದ ಬಿ.ಎ.ಗೆ ಗೋಡೆ ಕೊಟ್ಟಷ್ಟು ಜಾಗ ಬೇರೆ ಯಾರೂ ಕೊಡಲಿಲ್ಲ.

ಬೋರ್ಡಿನ ಗುತ್ತಿಗೆ ಕರಿಬಸಪ್ಪನವರದು, ಅಕ್ಷರ ನನ್ನದು. ನಿಮ್ಮೂರನ್ನೂ ಸೇರಿಸಲು ಒಪ್ಪಿದ್ದಾರೆ. ಯಾವ ಹೆಸರೆಂದು ಅವರು ಕೇಳಲಿಲ್ಲ. ಎಷ್ಟು ಅಕ್ಷರವೆಂದು ಕೇಳಿದರು.

ಈ ಕೆಲಸಕ್ಕೆ ಇಳಿದ ಮೇಲೆ ಊರ ಹೆಸರುಗಳ ಹುಚ್ಚು ಹಿಡಿದಿದೆ. ಸಾಂಬ್ರಾಣಿ ಎಂಬ ಊರಿನಲ್ಲಿ ಊದುಬತ್ತಿ ಕೊಳ್ಳಲು ಹೋದೆ, ಹಳಿಯಾಳದಲ್ಲಿ ಸಿಗ್ತಾವು ಎಂದರು. ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಕೋಟೆ ಎಲ್ಲಿ ಎಂದು ಕೇಳಿದೆ. ರೈಲ್ವೆಯವರು, ನಾವೂ ಹುಡುಕ್ಯಾಡಾಕತ್ತೇವಿ, ಸಿಕ್ಕರ ಹೇಳ್ರಿ ಎಂದರು. ಹೆಸರೊಂದು ಕಡೆ, ಊರೊಂದು ಕಡೆ ಇರುವುದು ಸಾಮಾನ್ಯ.

ನಿಮ್ಮೂರಿನದು ಹಾಗಲ್ಲ. ನಾಲ್ಕು ಭಾಷೆಯವರು ಒಬ್ಬರನ್ನೊಬ್ಬರು ಕೇಳದೆ ಒಂದೇ ಅರ್ಥ ಇಟ್ಟಿದ್ದಾರೆ. ನಾನು ನಕ್ಷೆ ನೋಡಿದೆ. ರಸ್ತೆ ನಿಮ್ಮೂರಿನಿಂದ ಆಚೆಗೂ ಹೋಗುತ್ತದೆ, ಆಚೆಗೂ ಮನೆಗಳಿವೆ. ಹಾಗಾದರೆ ನಿಮ್ಮೂರು ಯಾವುದರ ಕೊನೆ? ಇನ್ನೊಂದು, ನಿಮ್ಮವರು ತಮ್ಮೂರನ್ನು ಏನೆಂದು ಕರೆಯುತ್ತಾರೆ? ಅದನ್ನು ನೀವು ಬರೆದೇ ಇಲ್ಲ.

ಹೆಸರಿರದೂರಿಗೆ ಹೆಸರನು ಬರೆವವ,
ಬರೆದು ಉಳಿದ ಬಣ್ಣವ ಅಂಗಿಗೆ ಒರೆವವ,
ಕಿರಣ


ನಿಮ್ಮ ತವರಿನಿಂದ
೧೧ ಡಿಸೆಂಬರ್ ೨೦೨೪

ಇಜಾಬೆಲ್ ಅವರಿಗೆ,

ನಿಮ್ಮ ಉತ್ತರ ಬರಲಿಲ್ಲ. ಉತ್ತರವೇ ನನಗೆ ಎದುರಾಯಿತು.

ಕಂಬದ ಸಿಮೆಂಟು ಗಟ್ಟಿಯಾಗುವವರೆಗೆ ಸಂತಾನನ ಮನೆಯಲ್ಲೇ ಉಳಿದಿದ್ದೇನೆ. ನನ್ನನ್ನು ಅವನು ‘ಬೋರ್ಡಿನ ಸಾಹೇಬ್ರು’ ಎನ್ನುತ್ತಾನೆ. ಜೀವಮಾನದಲ್ಲಿ ಸಿಕ್ಕ ಮೊದಲ ಹುದ್ದೆ. ರೋಜಿನ ಮಾತು ಕಡಿಮೆ, ಚಹಾ ಹೆಚ್ಚು. ಇಲ್ಲಿ ನೆಟ್‌ವರ್ಕ್ ಇಲ್ಲವಾದ್ದರಿಂದ ಈ ಕಾಗದವನ್ನು ಬಸ್ ಕಂಡಕ್ಟರ್ ಅಡಿವೆಯ್ಯ ದಾಂಡೇಲಿಯಲ್ಲಿ ಡಬ್ಬಿಗೆ ಹಾಕುತ್ತಾನೆ.

ಮೊನ್ನೆ ಹೊತ್ತು ಮುಳುಗುವಾಗ ಪಕ್ಕದ ಮನೆಯ ಹೆಂಗಸೊಬ್ಬಳು ಸೌದೆಗೆ ಹೋದವಳು ಬಂದಿರಲಿಲ್ಲ. ಸಂತಾನ ಊರ ಅಂಚಿನ ಮತ್ತಿ ಮರದ ಕೆಳಗೆ ನಿಂತು, ಹಳ್ಳದಾಚೆಯ ಕಾಡಿಗೆ ಮುಖ ಮಾಡಿ ಒಂದು ಪದ ಕೂಗಿದ. ಹೆಂಗಸಿನ ಹೆಸರಲ್ಲ, ಕನ್ನಡವೂ ಅಲ್ಲ, ನಿಮ್ಮ ಕೊಂಕಣಿಯೂ ಅಲ್ಲ. ಅವನು ನಿಲ್ಲಿಸುವಷ್ಟರಲ್ಲಿ ಮುಂದಿನ ಮನೆಯವರು ಅದನ್ನೇ ಎತ್ತಿಕೊಂಡರು, ಆಮೇಲೆ ಅದರ ಮುಂದಿನವರು. ಸ್ವಲ್ಪ ಹೊತ್ತಿಗೆ ಅವಳು ಹೊರೆ ಹೊತ್ತು ಬಂದಳು. ಬೆನ್ನ ಹಿಂದ ದಾರಿ ಮುಚ್ಚಿಕೊಂಡಿತ್ತು, ಕೂಗು ಕೇಳಿ ಬಂದೆ ಎಂದು ನಗುತ್ತ ಒಳಗೆ ಹೋದಳು.

ಯಾರನ್ನು ಕೂಗಿದಿರಿ ಎಂದು ಸಂತಾನನನ್ನು ಕೇಳಿದೆ.

‘ಊರನ್ನ ಕೂಗಿದ್ವಿರೀ.’

‘ಹಂಗಾದ್ರ ಅದು ಊರ ಹೆಸರೇನು?’

‘ಕೂಗೂ ಹೆಸರ್ರಿ. ಹೇಳೂ ಹೆಸರಲ್ಲ’ ಎಂದು ಕೈ ತೊಳೆಯಲು ಎದ್ದುಹೋದ.

ನೋಡಿದಿರಾ? ನಾಲ್ಕು ಜನ ನಾಲ್ಕು ಹೆಸರು ಇಡುವುದಕ್ಕೆ ಮೊದಲು ಒಂದು ಹೆಸರಿತ್ತು, ಈಗಲೂ ಇದೆ. ನಿಮ್ಮ ಹಿರಿಯರ ಜೊತೆ ಯಾವ ಕಡಲು ದಾಟಿ ಬಂದ ಮಾತೋ ಯಾರಿಗೆ ಗೊತ್ತು. ಬೇರೆಯವರು ಇಟ್ಟ ಹೆಸರನ್ನು ನಿಮ್ಮವರ ಹಣೆಗೆ ಬರೆಯಲು ಮನಸ್ಸು ಬರಲಿಲ್ಲ. ಸಂತಾನ ಕೂಲಿಗೆ ದಾಂಡೇಲಿಗೆ ಹೋಗಿದ್ದಾಗ ಹಳ್ಳದ ದಂಡೆಯಲ್ಲಿ ಕುಳಿತು ಬೋರ್ಡು ಮುಗಿಸಿದೆ. ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ: (ಇಲ್ಲಿ ಕಾಗದ ಕತ್ತರಿಸಿದೆ). ಬೋರ್ಡು ನೋಡಿ ರೋಜಿನ ಒಳಗೆ ಹೋದಳು. ಅಂದು ಚಹಾ ಬರಲಿಲ್ಲ. ಕಲೆಯ ವಿಮರ್ಶೆ ಎಂದುಕೊಂಡೆ.

ಆ ಹೆಸರಿಗೆ ಲಯ ಎಷ್ಟು ಚೆನ್ನಾಗಿದೆಯೆಂದರೆ ಬ್ರಶ್ ಆಡಿಸುವಷ್ಟು ಹೊತ್ತೂ ಬಾಯಿ ಸುಮ್ಮನಿರಲಿಲ್ಲ:

(ಇಲ್ಲಿ ಕಾಗದ ಕತ್ತರಿಸಿದೆ) ಊರಿಗೆ ಬಾರೋ,
ಬಣ್ಣದ ಡಬ್ಬಿ ತಾರೋ.

ಹಳ್ಳದಾಚೆಯ ಕಾಡು ಒಳ್ಳೆಯ ಕೇಳುಗ. ಕೊನೆಯ ಪದವನ್ನು ಮರಳಿ ಹೇಳುತ್ತದೆ. ಒಮ್ಮೊಮ್ಮೆ ಸ್ವಲ್ಪ ತಡವಾಗಿ.

ನಿಮ್ಮೂರ ಋಣ ತೀರಿಸಿದ ಹೆಮ್ಮೆಯಲ್ಲಿ,
ಬೋರ್ಡಿನ ಸಾಹೇಬರು


ಸನವಳ್ಳಿ
೨೬ ಡಿಸೆಂಬರ್ ೨೦೨೪

ಕಿರಣಕುಮಾರ ಅವರಿಗೆ,

ಬೋರ್ಡು ತೆಗೆಯಿರಿ.

ನಿಮ್ಮ ಕಾಗದದಲ್ಲಿ ಆ ಪದ ಇದ್ದಲ್ಲೆಲ್ಲ ಬ್ಲೇಡಿನಿಂದ ಕತ್ತರಿಸಿ ಒಲೆಗೆ ಹಾಕಿದ್ದೇನೆ. ನಿಮ್ಮ ನವೆಂಬರ್ ಕಾಗದದ ಪ್ರಶ್ನೆಗೆ ಉತ್ತರ ಬರೆಯದೆ ಇದ್ದದ್ದು ಬೇಕೆಂದೇ. ಕಡೇಮನಿ ಎಂದು ಬರೆದು ಬರುತ್ತೀರಿ ಎಂದುಕೊಂಡಿದ್ದೆ.

ನಮ್ಮಲ್ಲಿ ಕಾಡಿಗೆ ಹೋದವರನ್ನು ಅವರ ಹೆಸರು ಹಿಡಿದು ಕೂಗುವುದಿಲ್ಲ. ಮನುಷ್ಯರ ಹೆಸರು ಕೂಗಿದರೆ ಕಾಡು ಅದನ್ನು ಕಲಿತು, ಆಮೇಲೆ ತಾನೇ ಕರೆಯುತ್ತದೆ. ಅದಕ್ಕೆ ಊರನ್ನು ಕೂಗುತ್ತೇವೆ. ಆ ಪದ ಕಿವಿಗೆ ಬಿದ್ದರೆ ಮನೆ ಯಾವ ಕಡೆ ಎಂದು ತಿಳಿಯುತ್ತದೆ. ಉಳಿದ ಹೊತ್ತಿನಲ್ಲಿ ಅದನ್ನು ಆಡುವುದಿಲ್ಲ, ಬರೆಯುವುದಿಲ್ಲ, ಹಾಡುವುದಂತೂ ಇಲ್ಲವೇ ಇಲ್ಲ. ನನ್ನ ಅಜ್ಜಿ ಹೇಳುತ್ತಿದ್ದಳು, ಬರೀ ಕೂಗಿದರೆ ಕಾಡಿಗೆ ನೆನಪು ನಿಲ್ಲುವುದಿಲ್ಲ ಎಂದು. ನಮಗೆ ಮಗ್ಗಿ ಬಾಯಿಪಾಠ ಬಂದದ್ದು ಹೇಗೆ, ನೆನಪು ಮಾಡಿಕೊಳ್ಳಿ. ರಾಗ ಕಟ್ಟಿ, ಸಾಲಿಗೆ ಸಾಲು ಜೋಡಿಸಿ. ನೀವು ಇಡೀ ದಿನ ಹಳ್ಳದ ದಂಡೆಯಲ್ಲಿ ಕುಳಿತು ಅದಕ್ಕೆ ಪಾಠ ಹೇಳಿದ್ದೀರಿ.

ಯಾವುದರ ಕೊನೆ ಎಂದು ಕೇಳಿದ್ದಿರಿ. ಕೂಗಿದರೆ ಕೇಳುವ ಜಾಗದ ಕೊನೆ. ಅದನ್ನು ದಾಟಿದ ಮೇಲೆ ಯಾರು ಕರೆದರು ಎಂದು ಹೇಳಲಾಗುವುದಿಲ್ಲ. ಅದಕ್ಕೇ ಇರಬೇಕು, ಹೊರಗಿನವರು ನಾಲ್ಕೂ ಮಾತಿನಲ್ಲಿ ಅದೊಂದನ್ನೇ ಹೇಳಿದ್ದು.

ನರ್ಸ್ ಆದವಳು ಇದನ್ನೆಲ್ಲ ಬರೆಯುತ್ತಿದ್ದಾಳೆ ಎಂದು ನಗುವುದಿದ್ದರೆ ನಕ್ಕು, ಆಮೇಲೆ ತೆಗೆಯಿರಿ.

ಇಜಾಬೆಲ್


ಹಳಿಯಾಳ
೧೦ ಜನವರಿ ೨೦೨೫

ಇಜಾಬೆಲ್ ಅವರಿಗೆ,

ನಗಲಿಲ್ಲ. ನಗಲಿಕ್ಕೆ ಹೊರಟಿದ್ದೆ, ಅಷ್ಟರಲ್ಲಿ ಅಡಿವೆಯ್ಯ ಬಂದ. ಅದನ್ನು ಕೊನೆಗೆ ಬರೆಯುತ್ತೇನೆ.

ಕರಿಬಸಪ್ಪನವರನ್ನು ಕೇಳಿದೆ. ಬೋರ್ಡಿನ ಫೋಟೊ ಮೇಲಕ್ಕೆ ಹೋಗಿದೆ, ಬಿಲ್ಲು ಪಾಸಾಗುವವರೆಗೆ ಮೊಳೆಯನ್ನೂ ಮುಟ್ಟಬಾರದಂತೆ. ‘ದೆವ್ವದ ಸಲುವಾಗಿ ಬೋರ್ಡು ತಗದೆ ಅಂತ ಯಾವ ಕಾಗದದಾಗ ಬರೀಲಿ?’ ಎಂದರು. ಇನ್ನೊಂದು ಮಾತನ್ನೂ ಹೇಳಬೇಕು. ಬೋರ್ಡು ಕೆಲಸ ಮಾಡುತ್ತಿದೆ. ಹೋದ ವಾರ ನಿಮ್ಮ ನೆರೆಯ ಮುದುಕ ಇನಾಸನಿಗೆ ಎದೆ ಹಿಡಿದುಕೊಂಡಾಗ ಗಾಡಿ ಎಲ್ಲಿಯೂ ನಿಲ್ಲದೆ ನೇರ ಬಂತು. ಡ್ರೈವರ್ ಹೆಸರು ಓದಿ ತಿರುವಿದ. ಮುದುಕ ಮರಳಿ ಬಂದು ಓಡಾಡುತ್ತಿದ್ದಾನೆ. ಮೇ ತಿಂಗಳಿಗೆ ನೀವು ಕೇಳಿದ್ದು ಇದನ್ನೇ ಅಲ್ಲವೇ? ತೆಗೆದರೆ ಒಂದು ಭಯ, ಇಟ್ಟರೆ ಒಂದು ಭಯ.

ಹೆಸರೂ ಹಬ್ಬಿದೆ. ಅಡಿವೆಯ್ಯ ಸ್ಟಾಪು ಬಂದಾಗ ಅದನ್ನು ಕೂಗುತ್ತಾನೆ. ಲಾರಿಯವರು ಆಖ್ರೀ ಬಸ್ತಿ ಬಿಟ್ಟು ಅದನ್ನೇ ಹೇಳುತ್ತಾರಂತೆ.

ಇನ್ನು ಕೊನೆಯ ಮಾತು. ಅಡಿವೆಯ್ಯ ನಿಮ್ಮ ಕಾಗದ ಓದುತ್ತಿದ್ದ ನನ್ನ ಮುಂದೆ ಕುಳಿತು ಅರ್ಧ ಚಹಾ ಕುಡಿದು, ‘ನಿನ್ನೆ ಸಂಜೀ ಮುಂದ ಹಳ್ಳದ ಆಚೀಕ ಏನ್ ಮಾಡಾಕತ್ತಿದ್ರಿ ಸರ? ಹಾಡು ಕೇಳಸ್ತು. ಬಸ್ ನಿಲ್ಲಿಸಿ ಹಾರ್ನ್ ಹೊಡದ್ವಿ, ನೀವು ಬರಲೇ ಇಲ್ಲ’ ಎಂದ.

ನಾನು ನಿನ್ನೆ ಇಡೀ ದಿನ ಹಳಿಯಾಳದಲ್ಲಿ ಒಂದು ಟೈರ್ ಅಂಗಡಿಯ ಶಟರ್ ಬರೆಯುತ್ತಿದ್ದೆ. ಅಡಿವೆಯ್ಯನಿಗೆ ಅದನ್ನು ಹೇಳಲಿಲ್ಲ. ಚಹಾದ ದುಡ್ಡು ಕೊಟ್ಟೆ.

ಈ ಸಲ ಜೋಡಿ ಸಾಲು ಹೊಳೆಯಲಿಲ್ಲ,
ಕಿರಣ


ತವರಿನಿಂದ
೯ ಫೆಬ್ರುವರಿ ೨೦೨೫

ಕಿರಣ,

ಈ ಚೀಟಿ ಅಡಿವೆಯ್ಯನ ಕೈಯಲ್ಲಿ ಬರುತ್ತಿದೆ. ಅವನ ಬಸ್ಸಿಗೇ ಬನ್ನಿ.

ಸಂತಾನ ನಿನ್ನೆ ಇನಾಸನ ಮಗನ ಜೊತೆ ಬಿದಿರಿಗೆ ಹೋಗಿದ್ದ. ಮರಳುವಾಗ ಹಳ್ಳದ ಮೇಲ್ಗಡೆಯಿಂದ ನಿಮ್ಮ ದನಿ ಕೇಳಿತಂತೆ. ಜೊತೆಗಿದ್ದವನಿಗೂ ಕೇಳಿತು. ಅವನು ಹೇಳುತ್ತಾನೆ, ಸಂತಾನ ನಕ್ಕು, ‘ಬೋರ್ಡಿನ ಸಾಹೇಬ್ರು ದಾರಿ ತಪ್ಪ್ಯಾರ, ಪದಾ ಹಾಡಕೋತ ಅಡ್ಡಾಡಾಕತ್ತಾರ. ನೀ ನಡಿ, ನಾ ಕರಕೊಂಡು ಬರ್ತೇನಿ’ ಎಂದು ಬಿದಿರು ಕೆಳಗಿಟ್ಟು ಹೋದನಂತೆ. ಬಂದಿಲ್ಲ.

ಹೊತ್ತು ಮುಳುಗುವಾಗ ರೋಜಿನ ಮತ್ತಿ ಮರದ ಕೆಳಗೆ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಆಚೆಯಿಂದ ಊರ ಹೆಸರು ಬಂತು. ಅವಳು ಎಡಕ್ಕೆ ತಿರುಗಿ ಕೂಗಿದರೆ ಅದು ಬಲದಿಂದ ಕೂಗುತ್ತದೆ. ಎಲ್ಲ ಮನೆಯವರೂ ಕೂಗಿದರು, ಆಗ ಅದು ಎಲ್ಲ ಕಡೆಯಿಂದಲೂ ಕೂಗಿತು. ನಾವು ಕೂಗಿದಷ್ಟೂ ಅವನನ್ನು ದೂರ ಅಟ್ಟುತ್ತಿದ್ದೇವೆ ಎಂದು ತಿಳಿದು ನಿಲ್ಲಿಸಿದೆವು. ಇಂದು ಅರಣ್ಯದವರು ಹುಡುಕಿದರು. ಊರು ಸುಮ್ಮನೆ ನಿಂತಿದೆ. ನಮ್ಮ ಹತ್ತಿರ ಕೂಗಲಿಕ್ಕೆ ಬೇರೆ ಏನೂ ಇಲ್ಲ.

ನೀವು ನಿಜವಾಗಿ ಇಲ್ಲಿದ್ದರೆ ಅದು ಸುಮ್ಮನಾಗುತ್ತದೋ ಏನೋ ಎಂದು ರೋಜಿನ ಕೇಳುತ್ತಿದ್ದಾಳೆ.

ಇಜಾಬೆಲ್


ಹಳಿಯಾಳ
೧೪ ಫೆಬ್ರುವರಿ ೨೦೨೫

ಇಜಾಬೆಲ್ ಅವರಿಗೆ,

ಸಂತಾನ ಬಂದ ಸುದ್ದಿಯನ್ನು ಅಡಿವೆಯ್ಯ ಮರುದಿನವೇ ತಂದ. ಅವನಿಗೂ ಹೆಚ್ಚು ಗೊತ್ತಿಲ್ಲ. ಬಸ್ಸಿನೊಳಗಿದ್ದವನು ಕಂಡದ್ದನ್ನು ನಾನು ಬರೆಯುತ್ತೇನೆ, ಹೊರಗಿದ್ದವರು ಕಂಡದ್ದನ್ನು ನೀವು ಬರೆಯಿರಿ. ಇಲ್ಲದಿದ್ದರೆ ಈ ಅರ್ಧ ಕಥೆ ನನ್ನನ್ನು ಉಳಿಸುವುದಿಲ್ಲ.

ಅಡಿವೆಯ್ಯನ ಬಸ್ಸಿನಿಂದ ಇಳಿದು ಮೊದಲು ಬೋರ್ಡು ಕಿತ್ತೆ. ಬಿಲ್ಲು ಪಾಸಾಗಲಿ ಬಿಡಲಿ. ಹೆಸರಿನ ಮೇಲೆ ಹಸಿರು ಬಣ್ಣ ಬಳಿದು ಬೋರ್ಡು ಮಗುಚಿಟ್ಟೆ. ನಾನು ಬಂದರೂ ಅದು ಸುಮ್ಮನಾಗಲಿಲ್ಲ, ಅದು ನಿಮಗೂ ಗೊತ್ತು. ಮತ್ತಿ ಮರದ ಕೆಳಗೆ ನಾವು ನಿಂತಾಗ ಕಾಡಿನೊಳಗಿಂದ ಬಂತು. ನನ್ನ ದನಿ ಅಷ್ಟು ಚೆನ್ನಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಊರ ಹೆಸರು, ಆಮೇಲೆ ಬಾರೋ, ಆಮೇಲೆ ತಾರೋ. ಒಂದು ಅಕ್ಷರ ತಪ್ಪಿಲ್ಲ. ಅಲ್ಲಿಗೆ ನಿಲ್ಲಲಿಲ್ಲ. ನನ್ನ ಎರಡು ಸಾಲಿಗೆ ಮೂರನೆಯದೊಂದು ಸೇರಿತ್ತು:

ಕತ್ತಲಾತು, ಒಳಗ ಸೇರೋ.

ಆ ಸಾಲು ನಾನು ಕಟ್ಟಿದ್ದಲ್ಲ. ನನ್ನ ಎರಡಕ್ಕಿಂತ ಚೆನ್ನಾಗಿದೆ. ನಾಲ್ಕನೆಯದು ತುದಿನಾಲಿಗೆಗೆ ಬಂದಿತ್ತು. ಹೇಳಿಬಿಟ್ಟರೆ ಪದ್ಯ ಪೂರ್ತಿಯಾಗುತ್ತಿತ್ತು. ನನ್ನ ಕಾಲು ಹಳ್ಳದ ನೀರಿನಲ್ಲಿತ್ತು. ಯಾವಾಗ ಇಳಿದೆನೋ ತಿಳಿಯದು. ನೀವು ಕಾಲರ್ ಹಿಡಿದು ಎಳೆದು, ‘ಬಾಯಿ ಮುಚ್ಚೋ ಕಿರ್‍ಯಾ’ ಎಂದಿರಿ. ಕಾಲೇಜಿನಲ್ಲಿಯೂ ನೀವು ನನ್ನನ್ನು ಹಾಗೆ ಕರೆದಿರಲಿಲ್ಲ.

ಆಗ ರೋಜಿನ ಬಂದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಚಹಾ ಬೇಕೇ ಎಂದು ಕೇಳುವ ದನಿಯಲ್ಲಿ, ‘ಸಾಹೇಬ್ರ, ನೀವು ಬಸ್ಸಿನ್ಯಾಗ ಕುಂದರ್ರಿ. ಕಿಟಕಿ ಹಾಕ್ಕೋರಿ. ನಾ ಒಂದು ಕೂಗೂದೈತಿ, ಅದು ನಿಮ್ಮ ಕಿವಿಗೆ ಬೀಳಬಾರದು’ ಎಂದಳು.

ನಾನು ಕಿಟಕಿ ಹಾಕಿಕೊಂಡೆ. ಅಡಿವೆಯ್ಯ ಡ್ರೈವರಿಗೆ ಹೇಳಿ ಗಾಡಿಯನ್ನು ನಿಂತಲ್ಲೇ ರೇಸ್ ಮಾಡಿಸಿದ. ಸೀಟು, ಕಿಟಕಿ, ನನ್ನ ಹಲ್ಲು ಎಲ್ಲ ಗಡಗಡ ಅಲುಗಿದವು. ಗಾಜಿನಾಚೆ ರೋಜಿನಳ ಬಾಯಿ ತೆರೆದದ್ದು ಕಂಡಿತು. ಅವಳ ಬೆನ್ನ ಹಿಂದಿದ್ದವರು ಒಮ್ಮೆಲೇ ಅವಳ ಕಡೆ ತಿರುಗಿದ್ದು ಕಂಡಿತು. ಆಮೇಲೆ ಬಸ್ಸು ಹೊರಟಿತು.

ಏನು ಕೂಗಿದಳು ಎಂದು ಕೇಳುವುದಿಲ್ಲ. ಅವನು ಹೇಗೆ ಬಂದ ಎಂದು ಮಾತ್ರ ಬರೆಯಿರಿ.

ಕಿರ್‍ಯಾ


ಸನವಳ್ಳಿ
೩ ಮಾರ್ಚ್ ೨೦೨೫

ಕಿರಣ,

ರೋಜಿನ ಕೂಗಿದ್ದು ಆ ಕೂಸಿನ ಹೆಸರು.

ಇಟ್ಟಿದ್ದರು. ಗಂಡ ಹೆಂಡತಿ ಇಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷ ಅವರು ಅದನ್ನು ತಮ್ಮೊಳಗೂ ಆಡಿರಲಿಲ್ಲವಂತೆ. ಮನುಷ್ಯರ ಹೆಸರು ಕೂಗಬಾರದು ಎಂದು ನಾನೇ ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಂಡು, ‘ಅದನ್ನ ಕಾಡು ಒಯ್ಯೂದೇನೈತಿ ಅಕ್ಕಾ, ಮೊದಲ ಹೋಗೇತಿ’ ಎಂದಳು.

ಅವಳು ಕೂಗಿದಾಗ ಆಚೆ ಇದ್ದದ್ದು ನಿಮ್ಮ ಪದ್ಯದ ನಡುವೆ ನಿಂತಿತು. ಪಾಠ ಬರದ ಹುಡುಗ ನಿಲ್ಲಿಸಿದ ಹಾಗೆ. ಆಮೇಲೆ ಉಳಿದ ಮನೆಯವರೂ ಆ ಹೆಸರನ್ನು ಎತ್ತಿಕೊಂಡರು. ಬೆಳಕು ಪೂರ್ತಿ ಆರುವ ಮೊದಲು ಸಂತಾನ ಹಳ್ಳ ದಾಟಿ ಬಂದ. ಅಳುತ್ತಿದ್ದ. ನೋವಿನಿಂದಲ್ಲ, ಮೈಮೇಲೆ ಒಂದು ಗೀರೂ ಇರಲಿಲ್ಲ.

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ‘ಸಾಹೇಬ್ರ ದನಿ ನನ್ನ ಮುಂದ ಮುಂದ ಹೋಗ್ತಿತ್ತು. ಹಿಂದ ಊರ ಹೆಸರು ಕೇಳಸ್ತು, ಮುಂದನೂ ಅದ ಕೇಳಸ್ತು. ಮುಂದಿಂದ ಚಲೋ ಇತ್ತು, ಪದಾ ಕಟ್ಟಿದ್ರಲಾ. ಅದಕ್ಕ ಮುಂದ ಹ್ವಾದೆ.’ ಆಮೇಲೆ ಮುಖ ಒರೆಸಿಕೊಂಡು, ‘ಮಗಳ ಹೆಸರು ಕೇಳಿದೆ. ಅದು ನಮ್ಮ ಮನ್ಯಾಗಷ್ಟ ಐತಿ’ ಎಂದ.

ಈಗ ಊರಿಗೆ ಅದೇ ಕೂಗುವ ಹೆಸರು. ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಮರುದಿನ ಸಂಜೆ ಇನಾಸ ದನ ಬರಲಿಲ್ಲ ಎಂದು ಮರದ ಕೆಳಗೆ ಹೋಗಿ ಅದನ್ನೇ ಕೂಗಿದ. ರೋಜಿನ ಬಾಗಿಲಲ್ಲಿ ನಿಂತು ಕೇಳಿ ಒಳಗೆ ಹೋದಳು.

ಊರಿಗೆ ಹೆಸರು ಹೇಗೆ ಬಂತು ಎಂದು ಯಾವಾಗಲೂ ಕೇಳುತ್ತಿದ್ದಿರಲ್ಲ. ಹೀಗೆ ಬಂತು. ಹಳೆಯದು ಹೇಗೆ ಬಂದಿತ್ತೋ ಈಗ ನನಗೆ ಅಂದಾಜಾಗುತ್ತಿದೆ. ಅದೂ ಯಾರದೋ ಮನೆಯ ಕೂಸಿನದಿರಬೇಕು.

ಬೋರ್ಡಿಗೆ ಕಡೇಮನಿ ಎಂದು ಬರೆಯಿರಿ. ಕೆಳಗೆ ಶೇವಟವಾಡಾ. ಹೊರಗಿನವರಿಗೆ ಅಷ್ಟು ಸಾಕು.

ಇಜಾಬೆಲ್


ಹಳಿಯಾಳ
೨೧ ಏಪ್ರಿಲ್ ೨೦೨೫

ಇಜಾಬೆಲ್,

ಬೋರ್ಡು ನಿಂತಿದೆ. ಮೇಲೆ ಕಡೇಮನಿ, ಕೆಳಗೆ ಶೇವಟವಾಡಾ. ದಾರಿಯ ಎಲ್ಲ ಅಂಗಡಿಯವರಿಗೂ, ಗಾಡಿಯ ಡ್ರೈವರಿಗೂ ಹೇಳಿ ಬಂದಿದ್ದೇನೆ. ಕರಿಬಸಪ್ಪನವರು ಬಣ್ಣದ ಖರ್ಚನ್ನು ನನ್ನ ತಲೆಗೆ ಕಟ್ಟಿದ್ದಾರೆ, ಅದು ನ್ಯಾಯವೇ. ಪೇಂಟ್ ಮಾಡುವಾಗ ಬಾಯಲ್ಲಿ ಕರವಸ್ತ್ರ ಕಚ್ಚಿಕೊಂಡಿದ್ದೆ. ಅಡಿವೆಯ್ಯ ಹಲ್ಲುನೋವೇ ಎಂದು ವಿಚಾರಿಸಿದ.

ನಾನು ಬರೆಯಬೇಕಾದದ್ದು ಬೇರೆ ಇದೆ. ಹೇಗೆ ಬರೆಯಬೇಕೋ ತಿಳಿಯದೆ 'ಶುಭ ಲಾಭ' ಬರೆಯುತ್ತ ಒಂದು ತಿಂಗಳು ತಳ್ಳಿದೆ.

ಮೊನ್ನೆ ಸಂಜೆ ಸಾಂಬ್ರಾಣಿ ರಸ್ತೆಯಲ್ಲಿ ಒಂದು ಕಿರಾಣಿ ಅಂಗಡಿಯ ಮುಂದೆ ಏಣಿಯ ಮೇಲಿದ್ದೆ. ಕೊಯ್ಲಾದ ಗದ್ದೆ, ಅದರಾಚೆ ಒಂದಿಷ್ಟು ಗಿಡ, ಕಾಡು ಎನ್ನುವಂಥದ್ದೇನೂ ಇಲ್ಲ. ಅಲ್ಲಿಂದ ಬಂತು. ಊರ ಹೆಸರು ಇರಲಿಲ್ಲ. ಆ ಜಾಗದಲ್ಲಿ ನನ್ನ ಹೆಸರಿತ್ತು, ಹಳ್ಳದ ದಂಡೆಯಲ್ಲಿ ನೀವು ಕರೆದ ಹಾಗೆಯೇ, ಕಿರ್‍ಯಾ ಎಂದು. ಆಮೇಲೆ ಬಾರೋ, ತಾರೋ, ಸೇರೋ. ನಾನು ಕನಸು ಕಂಡೆ ಎಂದುಕೊಳ್ಳಬಹುದಿತ್ತು. ಅಂಗಡಿಯ ರಾಜಶ್ರೀ ಅಕ್ಕ ತಕ್ಕಡಿಯಿಂದ ತಲೆ ಎತ್ತದೆ, ‘ಯಾರೋ ನಿಮ್ಮನ್ನ ಕರ್‍ಯಾಕತ್ತಾರ ನೋಡ್ರಿ’ ಎಂದಳು. ಆ ದನಿ ನನ್ನದೇ ಎಂದು ಅವಳಿಗೆ ಅನಿಸಲಿಲ್ಲ. ನಾನು ಏಣಿಯ ಮೇಲೆ ಅಂಥ ದನಿಯಲ್ಲಿ ಮಾತಾಡುವುದೇ ಇಲ್ಲ.

ಕೆಳಗಿಳಿದೆ. ಏಣಿ ಹಿಡಿದುಕೊಂಡೇ ನಿಂತೆ. ನಾಲ್ಕನೆಯ ಸಾಲು ಈಗಲೂ ನಾಲಿಗೆಯ ಮೇಲಿದೆ. ಅದನ್ನು ಹೇಳುವುದಿಲ್ಲ ಎಂದು ಹಲ್ಲು ಕಚ್ಚಿದ್ದೇನೆ, ಆದರೆ ಎಷ್ಟು ಸಂಜೆಗಳು ಕಚ್ಚಲಿಕ್ಕಾಗುತ್ತದೆ?

ಒಂದು ದಿನ ನಾನು ಆ ಗದ್ದೆ ದಾಟಿದರೆ ಮರದ ಕೆಳಗೆ ನಿಂತು ಕೂಗುವವರು ನನಗೆ ಯಾರೂ ಇಲ್ಲ. ಹಳಿಯಾಳಕ್ಕೆ ಅಂಥ ಹೆಸರೂ ಇಲ್ಲ, ಬೋರ್ಡಿನ ಮೇಲಿರುವ ಹೆಸರೊಂದೇ. ಕೇಳಬಾರದ್ದನ್ನು ಕೇಳುವುದಿಲ್ಲ ಎಂದು ಬರೆದಿದ್ದೆ. ಆ ಮಾತನ್ನು ಇನ್ನೂ ಮೀರಿಲ್ಲ. ಮೀರುವ ಅಂಚಿನಲ್ಲಿ ನಿಂತು ಬರೆಯುತ್ತಿದ್ದೇನೆ.

ಕಿರಣ


ತವರಿನಿಂದ
೨೭ ಮೇ ೨೦೨೫

ಕಿರ್‍ಯಾ,

ರೋಜಿನಳಿಗೆ ಹೆಣ್ಣು ಕೂಸು. ಗಾಡಿ ನಿನ್ನ ಬೋರ್ಡು ಓದಿ ತಿರುವಿತು. ದಾಂಡೇಲಿಯಲ್ಲಿ ಹೆರಿಗೆಯಾಯಿತು, ಇಬ್ಬರೂ ಮನೆಗೆ ಬಂದಿದ್ದಾರೆ. ಸಂತಾನ ಎಲ್ಲರಿಗೂ ಬೆಲ್ಲ ಹಂಚಿ ನಿನ್ನ ಪಾಲನ್ನು ಅಡಿವೆಯ್ಯನ ಕೈಗೆ ಕೊಟ್ಟಿದ್ದಾನೆ. ಬಂದು ಮುಟ್ಟಿದ್ದು ಕಡಿಮೆಯಿದ್ದರೆ ಕಂಡಕ್ಟರನ್ನು ಕೇಳು.

ನಿನ್ನ ಕಾಗದವನ್ನು ರೋಜಿನಳಿಗೆ ಓದಿ ಹೇಳಿದೆ. ಬಾಣಂತಿಗೆ ಇಂಥದ್ದನ್ನು ಓದಬಾರದು ಎಂದು ಸಂತಾನ ನನ್ನನ್ನು ಬೈದ. ಅವಳು ಕೂಸಿಗೆ ಮೊಲೆ ಕೊಟ್ಟು ಮುಗಿಸಿದಳು. ಆಮೇಲೆ, ‘ಅವ್ರು ನಮ್ಮ ಬಾಗಿಲಿಗೆ ಬಂದು ಉಂಡವ್ರು. ಕೂಗಿದರ ಬರಬೇಕಲಾ. ಹೆಸರು ಬರದು ಕೊಡ್ರಿ’ ಎಂದಳು. ಬಾಯಲ್ಲಿ ಹೇಳಿದರೆ ನಿನ್ನ ಕಿವಿ ಆ ಕ್ಷಣವೇ ಅದಕ್ಕೆ ಜೋಡಿ ಹುಡುಕುತ್ತದೆ. ಬರೆದದ್ದಕ್ಕೆ ದನಿ ಇಲ್ಲ. ಆದ್ದರಿಂದ ಒಂದೇ ಸಲ ಬರೆಯುತ್ತೇನೆ. ಓದಿ, ಕತ್ತರಿಸಿ, ಒಲೆಗೆ ಹಾಕು.

(ಇಲ್ಲಿ ಕಾಗದ ಕತ್ತರಿಸಿದೆ)

ನಾನು ತಿಂಗಳಿಗೊಮ್ಮೆ ಇಲ್ಲಿಗೆ ಬರುತ್ತೇನೆ. ಬಂದಾಗ ಸಂಜೆ ಮರದ ಕೆಳಗೆ ನಿಂತು ಒಂದು ಸಲ ಹಳಿಯಾಳದ ಕಡೆಗೂ ಮುಖ ಮಾಡಿ ಕೂಗುತ್ತೇನೆ. ಅಷ್ಟು ದೂರ ಕೇಳುವುದಿಲ್ಲ ಎಂದು ನನಗೆ ಗೊತ್ತು. ಯಾವ ಕಡೆಯಿಂದ ಎಂದು ನಿನಗೆ ಗೊತ್ತಿದ್ದರೆ ಸಾಕು.

ಇಜಾ


ಹಳಿಯಾಳ
೧೨ ಜೂನ್ ೨೦೨೫

ಇಜಾ,

ಬೆಲ್ಲ ಬಂತು. ಕಡಿಮೆಯಿತ್ತು. ಅಡಿವೆಯ್ಯ ತಪ್ಪೊಪ್ಪಿಕೊಂಡ.

ಹೆಸರನ್ನು ಓದಿದೆ. ಕತ್ತರಿಸಿ ಒಲೆಗೆ ಹಾಕಿದೆ. ಉಳಿದ ಕಾಗದವನ್ನು, ನಡುವೆ ಕಿಟಕಿ ಇರುವ ಹಾಗೆಯೇ, ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅಂದಿನಿಂದ ಅದನ್ನು ಒಂದು ಸಲವೂ ಬಾಯಲ್ಲಿ ಆಡಿಲ್ಲ. ಬ್ರಶ್ಶಿನಿಂದಲೂ ಆಡಿಲ್ಲ.

ನಾಲ್ಕನೆಯ ಸಾಲು ಹೋಗಿದೆ. ಎಲ್ಲಿಗೆ ಹೋಯಿತೋ, ನಾಲಿಗೆಯ ಮೇಲೆ ಆ ಜಾಗ ಹಲ್ಲು ಕಿತ್ತ ಮೇಲಿನ ವಸಡಿನ ಹಾಗಿದೆ. ಗೋಡೆಬರಹಕ್ಕೆ ಬಂದವರಿಗೆ ಈಗ ಗದ್ಯದಲ್ಲೇ ಬರೆದುಕೊಡುತ್ತೇನೆ. ಗಿರಾಕಿ ಕಡಿಮೆಯಾಗಿದ್ದಾರೆ.

ಸಂಜೆಯಾದರೆ ಮಾತ್ರ ಕೆಲವು ಪದಗಳು ಬರುತ್ತವೆ. ರೋಜಿನಳ ಆ ಮೊದಲ ಕೂಸಿನ ಹೆಸರಿಗೆ ಸರಿಯಾಗಿ ಹೊಂದುವಂಥವು, ಒಂದಕ್ಕಿಂತ ಒಂದು ಚೆಂದದವು. ಬಂದು ಅಂಗಳದಲ್ಲಿ ನಿಲ್ಲುತ್ತವೆ. ನನ್ನದೇ ದನಿಯಲ್ಲಿ, ಬಹಳ ಮರ್ಯಾದೆಯಿಂದ, ಒಳಗ ಬರಲೇನು ಎಂದು ಕೇಳುತ್ತವೆ.

ಬಾಗಿಲು ಹಾಕಿಕೊಂಡು ಕೂತಿರುತ್ತೇನೆ. ಯಾರು ನೀವು ಎಂದು ಕೇಳುವುದಿಲ್ಲ.

ಕಿರಣ